ಅಂಡಮಾನಿಗೆ ಇಟ್ಟ ಪ್ರಸ್ಥಾನ

ನಾನು ಮದುವೆಯಾದದ್ದು ನನ್ನ ಸೋದರಮಾವನನ್ನು. ಹಾಗಾಗಿ ನನ್ನ ಅತ್ತೆ ನನ್ನ ಅಮ್ಮನ ಅಮ್ಮ, ಅಂದರೆ ಸ್ವಂತ ಅಜ್ಜಿ. ಬೇರೆ ಸೊಸೆಯರು ಅತ್ತೆಯ ಮುಂದೆ ದನಿ ಎತ್ತದ ಕಾಲದಲ್ಲಿ ನಾನು ನನ್ನತ್ತೆಯ ಹತ್ತಿರ ಧಾರಾಳವಾಗಿ ಜಗಳವಾಡುತ್ತಿದ್ದೆ. ಅವಳೂ ಬಿಡುತ್ತಿರಲಿಲ್ಲ. ರಾಜಾಜಿನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಇದ್ದವರು ನಾವು ಮೂವರೇ. ಇವರು ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್, ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸ. ನಾನು ವಿಜಯನಗರದ ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನದ ಟೀಚರು. ಗ್ರಹಣ ಅಂದರೆ ನೆರಳು, ಹಾವು ನುಂಗುವುದಲ್ಲ ಎಂದು ಮಕ್ಕಳಿಗೆ ಪಾಠ ಹೇಳಿ, ಮನೆಗೆ ಬಂದು ಅದನ್ನೇ ಅಜ್ಜಿಗೂ ಹೇಳಿ ಬೈಸಿಕೊಳ್ಳುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಇವರು ಸಂಜೆ ಹೊತ್ತು ಎಡವಲು ಶುರು ಮಾಡಿದ್ದರು. ಮೊದಮೊದಲು ನಾನು ನಗುತ್ತಿದ್ದೆ. ಮಾಗಡಿ ರಸ್ತೆಯಲ್ಲಿ ಮಲಗಿದ್ದ ಹಸುವಿನ ಮೇಲೆ ಮುಗ್ಗರಿಸಿ ಅದಕ್ಕೇ "ಸಾರಿ ಸಾರ್" ಅಂದದ್ದನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೆನೋ. ಆಮೇಲೆ ಹಾಡುಹಗಲಲ್ಲೇ ಪಕ್ಕದಲ್ಲಿಟ್ಟ ಕಾಫಿ ಲೋಟ ಕಾಣದೆ ಕೈ ತಗುಲಿ ಬೀಳತೊಡಗಿತು. ನನ್ನ ನಗು ನಿಂತಿತು.

ಕಣ್ಣಿನ ಡಾಕ್ಟರು ಕತ್ತಲೆ ಕೋಣೆಯಲ್ಲಿ ಕೂರಿಸಿ ಬಹಳ ಹೊತ್ತು ನೋಡಿದರು. "ನಿಮ್ದು ಸಂಬಂಧದಲ್ಲೇ ಆದ ಮದುವೇನಾ?" ಎಂದು ಕೇಳಿದರು. ಹೌದು ಅಂದೆವು. "ನಿಮ್ಮ ತಂದೆ ತಾಯಿದು?" ಅದೂ ಹಾಗೇ. ಅಜ್ಜಿ ಕೂಡ ತನ್ನ ಸೋದರಮಾವನನ್ನೇ ಕಟ್ಟಿಕೊಂಡವಳು. ಕಣ್ಣಿನ ಒಳಪೊರೆ ಅಂಚಿನಿಂದ ಸಾಯುತ್ತಾ ಬರುತ್ತಿದೆ, ಇದಕ್ಕೆ ಔಷಧಿಯಿಲ್ಲ ಎಂದರು ಡಾಕ್ಟರು. "ನಡುವಿನ ನೋಟ ಇನ್ನೊಂದು ವರ್ಷ ಇರ್ಬಹುದು. ಹೆಚ್ಚು ಅಂದ್ರೆ ಒಂದೂವರೆ. ನೋಡ್ಬೇಕು ಅನ್ನೋದೇನಾದ್ರೂ ಇದ್ರೆ ನೋಡ್ಬಿಡಿ." ನಮಗೆ ಮಕ್ಕಳಿರಲಿಲ್ಲ. ಅವತ್ತು ಮೊದಲ ಸಲ ಅದಕ್ಕೆ ಬೇಸರವಾಗಲಿಲ್ಲ.

ಬಸ್ಸಿನಲ್ಲಿ ವಾಪಸು ಬಂದೆವು. ನಮ್ಮ ಸ್ಟಾಪಿನಲ್ಲಿ ಇಳಿದ ಮೇಲೆ ಇವರು, "ಅಂಡಮಾನಿಗೆ ಹೋಗೋಣ ಕಣೇ" ಅಂದರು.

ಇವರ ಜೊತೆ ಓದಿದ ಗೆಳೆಯರೊಬ್ಬರು ಅಲ್ಲಿ ಅರಣ್ಯ ಇಲಾಖೆಯಲ್ಲಿದ್ದರು. ವರ್ಷಕ್ಕೆ ಎರಡು ಮೂರು ಕಾಗದ ಬರುತ್ತಿದ್ದವು. ಮಧ್ಯಾಹ್ನ ಹನ್ನೆರಡಕ್ಕೂ ಬಿಸಿಲು ನೆಲ ಮುಟ್ಟದ ಕಾಡು, ಬುಡದಲ್ಲಿ ಗೋಡೆಯಷ್ಟು ಅಗಲಕ್ಕೆ ಬೇರು ಚಾಚಿದ ಮರಗಳು, ಕುತ್ತಿಗೆಮಟ್ಟ ನೀರಿನಲ್ಲಿ ನಿಂತರೂ ಕಾಲಿನ ಉಗುರು ಕಾಣುವ ಸಮುದ್ರ. ಇವರು ಆ ಕಾಗದಗಳನ್ನು ಓದಿ ಮಡಿಸಿಡುತ್ತಿದ್ದರೇ ಹೊರತು ಹೋಗೋಣ ಎಂದು ಒಂದು ದಿನವೂ ಅಂದವರಲ್ಲ. ಎಲ್ಲಿಗೂ ಹೋಗದ ಮನುಷ್ಯ. ಕಬ್ಬನ್ ಪಾರ್ಕಿಗೆ ಕರೆದರೂ ಬಸ್ ರಶ್ಶು ಅನ್ನುತ್ತಿದ್ದರು.

"ಅಮ್ಮಂಗೆ ಕಣ್ಣಿನ ವಿಷಯ ಹೇಳ್ಬೇಡ," ಅಂದರು. "ತನ್ನ ಮದುವೆಯಿಂದಾನೇ ಹೀಗಾಯ್ತು ಅಂದ್ಕೋತಾಳೆ." ನಾನು ಹೇಳಲಿಲ್ಲ. ಕಾರ್ಖಾನೆಯಲ್ಲೂ ಹೇಳಲಿಲ್ಲ, ಗೊತ್ತಾದರೆ ಕೆಲಸ ಹೋಗುತ್ತಿತ್ತು. ನಮಗೆ ಯಾಕಿಷ್ಟು ಆತುರ ಎನ್ನುವುದು ನಮ್ಮಿಬ್ಬರನ್ನು ಬಿಟ್ಟು ಡಾಕ್ಟರಿಗೆ ಮಾತ್ರ ಗೊತ್ತಿತ್ತು.

ಅಜ್ಜಿಗೆ ಅಂಡಮಾನ್ ಅಂದರೆ ಜೈಲು. "ಕಳ್ಳರನ್ನ ಕೊಲೆಗಾರರನ್ನ ಸಾಗಿಸ್ತಿದ್ದ ಜಾಗಕ್ಕೆ ದುಡ್ಡು ಕೊಟ್ಟು ಹೋಗ್ತಾರಂತೆ. ಊರಿಗೊಂದು ದಾರಿ ಆದ್ರೆ ಪೋರನಿಗೊಂದು ದಾರಿ. ಕಾಶಿಗೆ ಹೋಗ್ರೋ," ಅಂದಳು. ಇವರು ನಕ್ಕು, ಕಾಶಿ ಮುಂದಿನ ವರ್ಷ ಅಂದರು. ಹಾಗೆ ಅನ್ನುವಾಗ ನನ್ನ ಕಡೆ ನೋಡಲಿಲ್ಲ.

ಜನವರಿಯಲ್ಲಿ ಕಾರ್ಖಾನೆಯಿಂದ ದೊಡ್ಡದೊಂದು ಡ್ರಾಯಿಂಗ್ ಹಾಳೆ ತಂದು, ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ಪಾತ್ರೆ ಇಟ್ಟು, ಇಂಡಿಯನ್ ಇಂಕಿನಲ್ಲಿ ದ್ವೀಪ ಬರೆದರು. ಗೆಳೆಯರು ಕಳಿಸಿದ ಮ್ಯಾಪಿಗಿಂತ ಇವರದೇ ಚೆಂದವಿತ್ತು. ಹತ್ತು ದಿನದ ಕಾರ್ಯಕ್ರಮ ಅದರ ಮೇಲೇ. ಮೊದಲ ದಿನ ದೋಣಿಯಲ್ಲಿ ಹಿನ್ನೀರಿನ ಕಾಡು. ಎರಡನೇ ದಿನ ಬೆಳಿಗ್ಗೆ ಆರಕ್ಕೆ ಹೊರಟು ಗುಡ್ಡ. ನಾಲ್ಕನೇ ದಿನ ಇಳಿತದ ಹೊತ್ತು ನೋಡಿಕೊಂಡು ಹವಳದ ಬಂಡೆಗಳ ಮೇಲೆ ನಡಿಗೆ. ಆರನೇ ದಿನ ಆಮೆ ಮೊಟ್ಟೆಯಿಡುವ ದಡ. ಸೂರಿನ ಕೆಳಗೆ ಕೂರುವ ಕಾರ್ಯಕ್ರಮ ಒಂದೂ ಇರಲಿಲ್ಲ. ಜೈಲು ನೋಡೋದು ಬೇಡ್ವಾ ಎಂದು ಕೇಳಿದೆ. "ಗೋಡೆಗಳು ಇಲ್ಲೇ ಬೇಕಾದಷ್ಟಿವೆ," ಅಂದರು.

ಭಾನುವಾರಗಳಲ್ಲಿ ಕೆಂಗೇರಿ ಆಚೆಯ ಹೊಲಗಳಿಗೆ ಹೋಗಿ ಕಾಡಿನಲ್ಲಿ ನಡೆಯುವುದನ್ನು ಅಭ್ಯಾಸ ಮಾಡಿದೆವು. ನಾನು ಮುಂದೆ, ಇವರು ಹಿಂದೆ. ನಾನು "ಕಲ್ಲು", "ಬೇಲಿ", "ಹಳ್ಳ" ಅನ್ನುತ್ತಾ ಹೋಗುವುದು, ಇವರು ಕೋಳಿಯ ಹಾಗೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಒಂದೊಂದೇ ತುಂಡು ನೋಡಿಕೊಂಡು ಬರುವುದು. ದನ ಕಾಯುವ ಹೆಂಗಸೊಬ್ಬಳು ನಮ್ಮನ್ನು ನೋಡಿ, "ಏನ್ ಕಳ್ಕೊಂಡ್ರಿ, ಸ್ವಾಮಿ?" ಎಂದು ಕೇಳಿದಳು. ಇನ್ನೂ ಕಳೆದಿಲ್ಲ ಕಣಮ್ಮ ಅಂದರು ಇವರು. ಬೇಲಿಯ ಮರೆಗೆ ಹೋಗಿ ನಾನು ಒಂದಷ್ಟು ಹೊತ್ತು ಅತ್ತೆ.

ಮಾರ್ಚಿನಲ್ಲಿ ನಕ್ಷೆಯನ್ನು ಮತ್ತೊಮ್ಮೆ ಬರೆದರು. ಅದೇ ದ್ವೀಪ, ಅದೇ ಹತ್ತು ದಿನ, ಆದರೆ ನೋಟ್‌ಬುಕ್ಕಿನ ಹಾಳೆಯಷ್ಟು. ತೆಗೆದುಕೊಂಡು ಹೋಗಲು ಅನುಕೂಲ ಅಂದರು, ನಾನೂ ನಂಬಿದೆ. ಏಪ್ರಿಲ್ ಕೊನೆಗೆ ಮೂರನೇ ಸಲ ಬರೆದಾಗ ದ್ವೀಪ ಒಂದು ಪೋಸ್ಟ್‌ಕಾರ್ಡಿನ ಮೇಲಿತ್ತು. ಅಕ್ಷರಗಳು ಸಾಸಿವೆಯಷ್ಟು, ಒಂದೊಂದೂ ಮುದ್ದಾಗಿ. ಆಗ ನನಗೆ ಅರ್ಥವಾಯಿತು. ತಲೆ ಅಲ್ಲಾಡಿಸದೆ ಒಂದೇ ನೋಟಕ್ಕೆ ಇವರಿಗೆ ಕಾಣುತ್ತಿದ್ದುದು ಅಷ್ಟೇ. ದ್ವೀಪ ಪೂರ್ತಿ ಕಾಣಬೇಕಾದರೆ ಅದನ್ನು ಅಷ್ಟು ಚಿಕ್ಕದು ಮಾಡಬೇಕಿತ್ತು. ಡಾಕ್ಟರು ಹೇಳಿದ ಒಂದು ವರ್ಷವೂ ಸಿಗಲಾರದು ಎಂದು ಅವತ್ತು ಅನ್ನಿಸಿತು.

ಮೇ ತಿಂಗಳ ಹಡಗೇ ನಮ್ಮ ಕಡೆಯ ಹಡಗು. ಆಮೇಲೆ ಅಲ್ಲಿ ಮಳೆ ಹಿಡಿದು ಸಮುದ್ರ ಕದಡುತ್ತದೆ, ಮಳೆ ಮುಗಿಯುವ ಹೊತ್ತಿಗೆ ಇವರ ಗೆಳೆಯರಿಗೆ ವರ್ಗ. ಮದ್ರಾಸಿನ ಹಡಗಿನ ಕಚೇರಿಯಿಂದ ಉತ್ತರ ಬಂತು. ಇಬ್ಬರಿಗೂ ಜಾಗ ಕಾದಿರಿಸಿದೆ, ಈ ಪತ್ರ ಮತ್ತು ಕಾಲರಾ ಇಂಜೆಕ್ಷನ್ನಿನ ಸರ್ಟಿಫಿಕೇಟು ಸಮೇತ ಮಂಗಳವಾರ ಸಂಜೆಯೊಳಗೆ ಖುದ್ದಾಗಿ ಹಾಜರಾಗಬೇಕು, ಪತ್ರವಿಲ್ಲದವರನ್ನು ಬಂದರಿನ ಗೇಟಿನಿಂದ ಒಳಗೆ ಬಿಡುವುದಿಲ್ಲ. ಇವರು ಎಲ್ಲವನ್ನೂ ಒಂದು ಕಂದು ಕವರಿಗೆ ಹಾಕಿ ಟ್ರಂಕಿನ ತಳದಲ್ಲಿಟ್ಟರು. ದಿನಕ್ಕೊಂದು ಸಲ ಟ್ರಂಕು ತೆಗೆದು ಅದನ್ನು ಮುಟ್ಟಿ ನೋಡುತ್ತಿದ್ದರು. ಓದುಬರಹ ಬಾರದ ಅಜ್ಜಿ ಮೂಲೆಯಲ್ಲಿ ಬತ್ತಿ ಹೊಸೆಯುತ್ತಾ ಅದನ್ನು ಗಮನಿಸುತ್ತಿದ್ದಳು.

ನಾವು ಹೊರಡಬೇಕಾದದ್ದು ಸೋಮವಾರ. ಮದ್ರಾಸು ಪೂರ್ವಕ್ಕೆ. ಸೋಮವಾರ ಪೂರ್ವಕ್ಕೆ ಶೂಲೆ, ಆ ದಿಕ್ಕಿಗೆ ಹೆಜ್ಜೆ ಇಡಬಾರದು ಎಂದು ಅಜ್ಜಿ ಹಟ ಹಿಡಿದಳು. ರೈಲಿಗೆ ಶೂಲೆ ಗೊತ್ತಾಗತ್ತಾ ಅಜ್ಜಿ ಎಂದು ನಾನು ರೇಗಿಸಿದೆ. ಅವಳು ಕಿವಿಗೆ ಹಾಕಿಕೊಳ್ಳದೆ, "ಗುರುವಾರ ಪ್ರಸ್ಥಾನ ಇಡ್ತೀನಿ ಬಿಡು," ಅಂದಳು.

ಪ್ರಸ್ಥಾನ ಅಂದರೆ ಇಷ್ಟೇ. ಹೊರಡುವ ದಿನ ಸರಿಯಿಲ್ಲದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ನೋಡಿ, ಹೋಗುವವರ ಬಟ್ಟೆ, ಒಂದು ಹಿಡಿ ಅಕ್ಕಿ, ಎಲೆ ಅಡಿಕೆ ಚೀಲಕ್ಕೆ ಹಾಕಿ, ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ, ದಾರಿಯಲ್ಲಿ ಆ ಚೀಲ ಎತ್ತಿಕೊಂಡು ಹೋದರಾಯಿತು. ಆದರೆ ಒಮ್ಮೆ ಇಟ್ಟ ಚೀಲ ಮತ್ತೆ ನಮ್ಮ ಹೊಸಿಲು ದಾಟಿ ಒಳಗೆ ಬರಕೂಡದು. ಬಂದರೆ ಹೋದ ಕೆಲಸ ಕೆಡುತ್ತದೆ.

ಗುರುವಾರ ಬೆಳಿಗ್ಗೆ ಅಜ್ಜಿ ಚೀಲ ಕಟ್ಟಿ ನಮ್ಮ ಬೀದಿಯ ಪೂರ್ವದ ಕೊನೆಯಲ್ಲಿದ್ದ ರಿಟೈರ್ಡ್ ಪೋಸ್ಟ್‌ಮಾಸ್ಟರ ಮನೆಯಲ್ಲಿ ಇಟ್ಟು ಬಂದಳು. ಒಳಗೆ ಏನೇನಿದೆ ಎಂದು ನಾನು ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದಳು. ಇವರು ಕಾರ್ಖಾನೆಯಿಂದ ಇನ್ನೂ ಬಂದಿರಲಿಲ್ಲ. ಪೋಸ್ಟ್‌ಮಾಸ್ಟರ ಹೆಂಡತಿ ಆ ಚೀಲ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು.

"ಟೀಚರಮ್ಮ, ಕೆಂಗೇರೀಲಿ ನಮ್ಮಕ್ಕಂಗೆ ಹುಷಾರಿಲ್ವಂತೆ, ಇಬ್ರೂ ಹೊರಟ್ವಿ. ಸೋಮವಾರ ಬೆಳಿಗ್ಗೆ ಬಂದ್ಬಿಡ್ತೀವಿ. ಆದ್ರೂ ಅಕಸ್ಮಾತ್ ತಡ ಆದ್ರೆ ನಿಮ್ಗೆ ತೊಂದ್ರೆ ಆಗ್ಬಾರ್ದು ನೋಡಿ. ಇದನ್ನ ನೀವೇ ಇಟ್ಕೊಂಡಿರಿ."

ನಾನು ಹೊಸಿಲಿನ ಒಳಗಿದ್ದೆ. ಕೈ ಚಾಚಿದೆ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಬೇಡ್ರೀ. ನಿಮ್ಮಲ್ಲೇ ಇರ್ಲಿ. ಸೋಮವಾರ ಸಂಜೆ ತಾನೇ ನಾವು ಹೊರಡೋದು."

ಅವರು ನಕ್ಕರು. "ನೀವೂ ಇದನ್ನೆಲ್ಲ ನಂಬ್ತೀರಾ?"

"ನಾನಲ್ಲ. ಅಜ್ಜಿ ಬೇಜಾರ್ ಮಾಡ್ಕೋತಾರೆ," ಅಂದೆ.

ಅದು ಸುಳ್ಳು. ಅಜ್ಜಿ ಮನೆಯಲ್ಲೇ ಇರಲಿಲ್ಲ. ಆ ಚೀಲವನ್ನು ಅಟ್ಟದ ಮೇಲೆ ಎಸೆದಿದ್ದರೆ ಅವಳಿಗೆ ಗೊತ್ತೂ ಆಗುತ್ತಿರಲಿಲ್ಲ. ಹೆದರಿದ್ದು ನಾನು. ಕೆಲವು ತಿಂಗಳಿಂದ ನಾನು ಹೀಗೆಯೇ ಆಗಿದ್ದೆ, ಯಾರಿಗೂ ಹೇಳಿರಲಿಲ್ಲ. ಸೀನಿದರೆ ಒಂದು ನಿಮಿಷ ಕೂತು ಹೊರಡುವುದು. ಬೆಕ್ಕು ಅಡ್ಡ ಬಂದರೆ ಶಾಲೆಗೆ ಬೇರೆ ಬೀದಿ ಹಿಡಿಯುವುದು. ಔಷಧಿಯಿಲ್ಲ ಎಂದ ಮೇಲೆ ಇನ್ನೇನು ಮಾಡಬೇಕೋ ಗೊತ್ತಿರಲಿಲ್ಲ. ಒಂದೂ ತಪ್ಪು ಮಾಡದಿದ್ದರೆ ಆ ಕಣ್ಣು ಇನ್ನೊಂದಿಷ್ಟು ದಿನ ಉಳಿದೀತು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಶಾಸ್ತ್ರ ಹೇಳೋಕೆ ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ನನ್ನದು ಅದರ ತಿರುವುಮುರುವು. ಹೇಳುತ್ತಿದ್ದುದು ವಿಜ್ಞಾನ, ನಡೆಯುತ್ತಿದ್ದುದು ಪಂಚಾಂಗ. ಗೇಟಿಗಾದರೂ ನೇತುಹಾಕಿ ಹೋಗಿ ಅನ್ನಬಹುದಿತ್ತು, ಗೇಟು ಹೊಸಿಲಿನ ಹೊರಗೇ ಇತ್ತು. ಅದೂ ಹೊಳೆಯಲಿಲ್ಲ. ಅವರು ಚೀಲವನ್ನು ವಾಪಸು ತೆಗೆದುಕೊಂಡು ಹೋದರು.

ಮೂರು ಗಂಟೆಗೆ ತಂತಿ ಬಂತು. ಹಡಗು ಒಂದು ದಿನ ಮೊದಲೇ ಹೊರಡುತ್ತದೆ, ಸೋಮವಾರ ಮಧ್ಯಾಹ್ನದೊಳಗೆ ಹಾಜರಾಗಿ.

ಇವರು ಆಗಷ್ಟೇ ಬಂದಿದ್ದರು. ಗಾಬರಿಯಾಗಲಿಲ್ಲ, ನಾಳೆ ರಾತ್ರಿಯ ರೈಲು ಹತ್ತಿದರೆ ಆಯಿತು ಅಂದರು. ಟ್ರಂಕು ತೆಗೆದರು. ಕವರಿರಲಿಲ್ಲ. ಬಟ್ಟೆಗಳನ್ನೆಲ್ಲ ನೆಲಕ್ಕೆ ಸುರಿದು, ಕಾಣದಿದ್ದರೆ ಕಣ್ಣಿನ ತಪ್ಪೇನೋ ಎಂಬಂತೆ ಟ್ರಂಕಿನ ತಳವನ್ನು ಎರಡು ಕೈಯಲ್ಲೂ ತಡವಿದರು. ಅಷ್ಟರಲ್ಲಿ ಅಜ್ಜಿ ಕುಂಕುಮದ ಪೊಟ್ಟಣ ಹಿಡಿದುಕೊಂಡು ಒಳಗೆ ಬಂದಳು.

"ಆ ಕವರೇನೋ? ಅದು ಪ್ರಸ್ಥಾನದ ಚೀಲದಲ್ಲಿದೆ. ದಿನಾ ಮುಟ್ಟಿ ಮುಟ್ಟಿ ನೋಡ್ತಿದ್ಯಲ್ಲ, ಪ್ರಯಾಣಕ್ಕೆ ಅದೇ ಮುಖ್ಯ ಅಂತ ಗೊತ್ತಾಯ್ತು. ಬರೀ ಪಂಚೆ ಹೊರಟ್ರೆ ಸಾಕೇನೋ, ಅದೂ ಹೊರಡ್ಬೇಕು," ಅಂದಳು. ಮಗನಿಗೆ ಒಳ್ಳೆಯದು ಮಾಡಿದ ಸಂತೋಷ ಅವಳ ಮುಖದಲ್ಲಿತ್ತು.

ನಾನು ಚೆಲ್ಲಿದ ಬಟ್ಟೆಗಳನ್ನು ದಾಟಿ ಹೊಸಿಲಿಗೆ ಬಂದೆ. ಇವರು ಆಗಲೇ ಬೀದಿಯಲ್ಲಿದ್ದರು.

ಬಾಗಿಲಿಗೆ ಬೀಗ. ಕಿಟಕಿಯ ಸಂದಿಯಲ್ಲಿ ನೋಡಿದರೆ ಒಳಗೋಡೆಯ ಮೊಳೆಗೆ ಚೀಲ ನೇತುಹಾಕಿತ್ತು. ಎಲ್ಲಿ, ಎಲ್ಲಿ ಎಂದು ಇವರು ಕೇಳಿದರು. ಗದ್ದ ಹಿಡಿದು ಮುಖ ತಿರುಗಿಸಿದ ಮೇಲೆ ಕಂಡಿತು. ನಮ್ಮ ಮನೆಯ ಬಟ್ಟೆ ಒಣಹಾಕುವ ಗಳು ತಂದು ಕಂಬಿಯೊಳಗಿಂದ ಚಾಚಿದೆವು. ಒಂದು ಮೊಳ ಸಾಲಲಿಲ್ಲ. ಬೀದಿಯವರು ಸೇರಿ, ಅವರು ಕೆಂಗೇರಿಯಲ್ಲಿರುವ ಹೆಂಡತಿಯ ಅಕ್ಕನ ಮನೆಗೆ ಹೋಗಿದ್ದಾರೆ ಎಂದು ತಿಳಿಸಿ, ತಲೆಗೊಂದು ಸಲಹೆ ಕೊಟ್ಟರು. ಇವರು ಕಾಮಾಕ್ಷಿಪಾಳ್ಯಕ್ಕೆ ಓಡಿ ಬೀಗ ರಿಪೇರಿಯವನೊಬ್ಬನನ್ನು ಕರೆತಂದರು. ಅವನು ಬೀಗವನ್ನು ಕೈಯಲ್ಲಿ ತೂಗಿ ನೋಡಿ, "ಮನೆಯವ್ರಿಲ್ದೆ ಮುಟ್ಟಲ್ಲ ಸಾರ್. ನಾಳೆ ಪೊಲೀಸ್ನೋರು ನನ್ನನ್ನೇ ಹಿಡೀತಾರೆ," ಅಂದ. ಇವರು ಅವನ ಕೈ ಹಿಡಿದುಕೊಂಡರು. ಯಾರ ಹತ್ತಿರವೂ ಏನನ್ನೂ ಬೇಡದವರು, ಬೀದಿಯಲ್ಲಿ ಎಲ್ಲರೆದುರು ಬೇಡಿದರು. ಅವನು ಬೇಜಾರಿನಿಂದಲೇ ಹೋದ. ಅಷ್ಟರಲ್ಲಿ ಕತ್ತಲಾಗಿತ್ತು.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಕೆಂಗೇರಿಗೆ ಹೋದೆವು. ವಿಳಾಸವಿಲ್ಲ. ರಾಜಾಜಿನಗರದ ಪೋಸ್ಟ್‌ಮಾಸ್ಟರ ಷಡ್ಡಕರ ಮನೆ ಯಾವುದು ಎಂದು ಬೀದಿ ಬೀದಿ ಕೇಳಿದೆವು. ಬಿಸಿಲು ಏರಿತು. ಇವರು ಎರಡು ಸಲ ಬಿದ್ದರು, ಮೊಣಕಾಲು ತರಚಿ ಪಂಚೆಗೆ ರಕ್ತ ಹತ್ತಿತು. ನಿಲ್ಲಿ ಅಂದರೆ ನಿಲ್ಲಲಿಲ್ಲ. ಎರಡು ಗಂಟೆಯ ಹೊತ್ತಿಗೆ ಮನೆ ಸಿಕ್ಕಿತು. ಅದಕ್ಕೂ ಬೀಗ. ಬೆಳಿಗ್ಗೆಯೇ ಕಾಯಿಲೆಯವರನ್ನು ಸಿಟಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು, ಎಲ್ಲರೂ ಜೊತೆಗೇ ಹೋದರು, ಯಾವ ಆಸ್ಪತ್ರೆ ಅಂತ ಗೊತ್ತಿಲ್ಲ ಎಂದರು ಪಕ್ಕದ ಮನೆಯವರು.

ಆ ಜಗಲಿಯ ಮೇಲೆ ಇವರು ಕೂತುಬಿಟ್ಟರು. "ಅವ್ರು ಚೀಲ ನಿಮ್ಮನೇಲೇ ಇಟ್ಕೊಳಿ ಅಂತ ಒಂದ್ಮಾತು ಕೇಳಿದ್ರೆ ಆಗ್ತಿತ್ತು ಅಲ್ವಾ," ಅಂದರು.

"ಹೂಂ," ಅಂದೆ ನಾನು. ಆ ಒಂದು ಅಕ್ಷರ ನನ್ನನ್ನು ಇವತ್ತಿಗೂ ತಿನ್ನುತ್ತದೆ.

ರೈಲು ತಪ್ಪಿತು. ಅಜ್ಜಿ ಭಾನುವಾರವಿಡೀ ಪೋಸ್ಟ್‌ಮಾಸ್ಟರ ಮನೆಯ ಮೆಟ್ಟಿಲ ಮೇಲೆ ಊಟ ತಿಂಡಿ ಬಿಟ್ಟು ಕೂತಿದ್ದಳಂತೆ. ಸೋಮವಾರ ಏಳು ಗಂಟೆಗೆ ಅವರು ಬಂದರು. ಬೀಗ ತೆಗೆದು, ವಿಷಯ ಕೇಳಿ, ಪೋಸ್ಟ್‌ಮಾಸ್ಟರ ಹೆಂಡತಿ ಚೀಲ ಕೊಡುತ್ತಾ, "ಅಯ್ಯೋ, ನಾನು ಶನಿವಾರಾನೇ..." ಎಂದು ಶುರು ಮಾಡಿದರು. ನನ್ನ ಮುಖ ನೋಡಿ ಸುಮ್ಮನಾದರು. ಆಮೇಲೆ ಬದುಕಿರುವವರೆಗೂ ಅವರು ಆ ಮಾತು ಎತ್ತಲಿಲ್ಲ.

ಸಿಕ್ಕಿದ ಬಸ್ಸು ಹತ್ತಿ ಮದ್ರಾಸು ಸೇರುವಾಗ ನಾಲ್ಕು ದಾಟಿತ್ತು. ಬಂದರಿನ ಗೇಟಿನವನು ನಮ್ಮ ಕಾಗದ ನೋಡಿ, ಸಮುದ್ರದ ಕಡೆ ಕೈ ತೋರಿಸಿ, "ಕಪ್ಪಲ್ ಪೋಚ್ಚು," ಹಡಗು ಹೋಯಿತು, ಅಂದ. ಗೋಡೆಯುದ್ದಕ್ಕೂ ನಡೆದು ದಡಕ್ಕೆ ಬಂದೆವು. ಹಡಗು ಇನ್ನೂ ಕಾಣುತ್ತಿತ್ತು. ಬೆಳ್ಳಗೆ, ದೊಡ್ಡದಾಗಿ, ನಿಧಾನವಾಗಿ ಹೋಗುತ್ತಿತ್ತು. ಕಡಲೆ ಮಾರುವವನೂ ಅದನ್ನೇ ನೋಡುತ್ತಿದ್ದ.

"ಎಲ್ಲಿದೆ?" ಎಂದು ಇವರು ಕೇಳಿದರು. ನಾನು ಬೆರಳು ತೋರಿಸಿದೆ. ಇವರು ಕತ್ತು ತಿರುಗಿಸಿದರು, ಮೇಲೆ, ಕೆಳಗೆ, ಮತ್ತೆ ಈ ಕಡೆ. ಅಷ್ಟು ದೊಡ್ಡ ಸಮುದ್ರದಲ್ಲಿ ಅವರ ಕಣ್ಣಿಗೆ ಸಿಗುತ್ತಿದ್ದುದು ಒಂದು ಪೋಸ್ಟ್‌ಕಾರ್ಡಿನಷ್ಟು ನೀರು. ಬಲಕ್ಕೆ, ಇನ್ನೂ ಬಲಕ್ಕೆ ಎನ್ನುತ್ತಾ ಇದ್ದೆ. ಗದ್ದ ಹಿಡಿದು ತಿರುಗಿಸುವಷ್ಟರಲ್ಲಿ ಹಡಗು ಮುಂದೆ ಸರಿದಿರುತ್ತಿತ್ತು. ಬಹಳ ಹೊತ್ತು ಹುಡುಕಿದರು. ಕೊನೆಗೆ, "ಹಾಂ, ಕಾಣಿಸ್ತು," ಅಂದರು. ಅವರು ನೋಡುತ್ತಿದ್ದ ಕಡೆ ಏನೂ ಇರಲಿಲ್ಲ.

ದೀಪಾವಳಿಯ ಹೊತ್ತಿಗೆ ಆ ಪೋಸ್ಟ್‌ಕಾರ್ಡಿನಷ್ಟು ನೋಟ ಎಂಟಾಣೆಯಷ್ಟಾಯಿತು, ಮುಂದಿನ ಯುಗಾದಿಗೆ ಅದೂ ಇಲ್ಲ. ಕಾರ್ಖಾನೆಯ ಕೆಲಸ ಹೋಯಿತು. ಆಗ ಅಜ್ಜಿಗೆ ಎಲ್ಲವನ್ನೂ ಹೇಳಬೇಕಾಯಿತು. ಅವಳ ಮದುವೆಯಿಂದ ಹೀಗಾಯಿತು ಎನ್ನುವುದೊಂದನ್ನು ಮಾತ್ರ ಮುಚ್ಚಿಟ್ಟೆವು. ಆದರೆ ಆ ಆತುರ ಯಾಕಿತ್ತು ಎಂದು ಅವಳಿಗೆ ಈಗ ಗೊತ್ತಾಯಿತು. "ನನ್ನ ಮಗ ಕಡೇದಾಗಿ ನೋಡ್ಬೇಕು ಅಂದಿದ್ದನ್ನ ನಾನೇ ಚೀಲಕ್ಕೆ ಹಾಕಿ ಕಟ್ಬಿಟ್ಟೆ," ಎಂದು ಹಣೆ ಚಚ್ಚಿಕೊಂಡಳು. ಪಂಚಾಂಗವನ್ನು ಎತ್ತಿ ಒಲೆಗೆ ಹಾಕಿದಳು. ಸಾಯುವವರೆಗೆ ಮತ್ತೆ ಯಾವ ದಿನವನ್ನೂ ನೋಡಲಿಲ್ಲ. ನನಗೆ ಬಾಯಿತ್ತು. ಅವಳ ಹತ್ತಿರ ಎಲ್ಲದಕ್ಕೂ ಜಗಳವಾಡಿದವಳು ನಾನು. ನಿನ್ನದಲ್ಲ ಅಜ್ಜಿ, ಆ ಚೀಲವನ್ನು ಬಾಗಿಲಲ್ಲಿ ಬೇಡ ಅಂದವಳು ನಾನು ಎಂದು ಒಂದು ಮಾತು ಹೇಳಲಿಲ್ಲ. ಇಂಥ ಹೇಡಿತನ ಇನ್ನೊಂದಿಲ್ಲ.

ಅಂದಿನಿಂದ ಮನೆಗೆ ಬರುವ ಕಾಗದ, ಪೇಪರು, ಪುಸ್ತಕ ಎಲ್ಲವನ್ನೂ ಇವರಿಗೆ ನಾನೇ ಓದಿ ಹೇಳುವುದು. ಈಗ ಇಬ್ಬರಿಗೂ ವಯಸ್ಸಾಗಿದೆ. ಹತ್ತು ದಿನದಿಂದ ನಾನು ಕೂತು ಬರೆಯುವುದು ಇವರಿಗೆ ಗೊತ್ತಿತ್ತು. ನಿನ್ನೆ, "ಅದೇನು ಬರೀತಾ ಇದೀಯ, ಓದು ಕೇಳೋಣ," ಅಂದರು. ಓದಿದೆ. ಹಸುವಿನ ಹತ್ತಿರ ಸಾರಿ ಕೇಳಿದ್ದಕ್ಕೆ ನಕ್ಕರು. ದನ ಕಾಯುವ ಹೆಂಗಸಿನ ಮಾತು ತಮಗೂ ನೆನಪಿದೆ ಅಂದರು. ಶನಿವಾರ ಮಧ್ಯಾಹ್ನದ ಹಾಳೆ ಬಂತು. ನಾನು ಅದನ್ನು ಬಿಟ್ಟು ಮುಂದಿನ ಹಾಳೆಯಿಂದ, ತಂತಿ ಬಂದದ್ದರಿಂದ, ಓದಿದೆ. ಮುಂದೆ ನನ್ನ ಬಣ್ಣ ಬಯಲಾಗುವ ಸಾಲುಗಳನ್ನೂ ಹಾರಿಸಿದೆ. ದನಿ ನಡುಗಲಿಲ್ಲ. ನಲವತ್ತು ವರ್ಷ ಓದಿ ಅಭ್ಯಾಸವಾಗಿದೆ.

ಓದಿ ಮುಗಿಸಿದೆ.

"ಚೆನ್ನಾಗಿದೆ," ಅಂದರು ಇವರು. ಆಮೇಲೆ, "ಶನಿವಾರದ ಹತ್ರ ಎರಡು ಹಾಳೆ ಒಟ್ಟಿಗೆ ತಿರುಗಿಸ್ದೆ. ಸದ್ದು ಕೇಳಿಸ್ತು. ಬಿಟ್ಟಿದ್ದನ್ನ ಓದು ಕಣೇ."

ನಾನು ಓದಿದೆ.